ಸೊಂಟದ ಮೇಲಿನ ಮಾತು

ಶಾವಂತ್ರವ್ವ ಬ್ಯಾಟರಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಸ್ಸು ಹತ್ತಿದಾಗ ಅವಳನ್ನು ಇಳಿಸಲು ಓಡಿದವಳು ನಾನು. ಇಳಿಸಲಿಲ್ಲ, ನಾನೂ ಹತ್ತಿಬಿಟ್ಟೆ. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ, ಕಾಲಲ್ಲಿ ಚಪ್ಪಲಿ ಇಲ್ಲ, ತಲೆಗೆ ಎಣ್ಣೆ ಹಚ್ಚಿ ಬಾಚದೆ ಬಿಟ್ಟ ಅವತಾರ. ಆ ಬಸ್ಸಿನಲ್ಲಿ ನಮ್ಮೂರಿನ ಅರ್ಧ ಜನ ಇದ್ದರು, ಊರಲ್ಲಿ ಉಳಿದಿದ್ದ ಅರ್ಧ ಜನಕ್ಕೆ ಅವರು ತಮಗೆ ತೋಚಿದ ಹಾಗೆಲ್ಲ ಉಪ್ಪುಖಾರ ಹಚ್ಚಿ ಹೇಳಿದ್ದಾರೆ. ಅವರ ಮಾತು ನಂಬಬೇಡಿ. ನಾನು ಪಕ್ಕದ ಮನೆಯ ತಿರಕವ್ವ. ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಎದೆಮಟ್ಟ ಕುಸಿದದ್ದು. ಆ ಮನೆಯಲ್ಲಿ ಸಾಸಿವೆ ಸಿಡಿದರೂ ನನಗೆ ಗೊತ್ತಾಗುತ್ತದೆ.

ನಮ್ಮೂರಲ್ಲಿ ಬ್ಯಾಟರಿಯನ್ನು ಕೆಳಗಿಟ್ಟರೆ ಖಾಲಿಯಾಗುತ್ತದೆ. ಹೊಳೆಯಾಚೆಯ ಗಿರಣಿಯಲ್ಲಿ ತುಂಬಿಸಿಕೊಂಡು ಬಂದದ್ದು ಅಲ್ಲಾಡುತ್ತಿರುವಷ್ಟು ಹೊತ್ತು ತುಂಬಿರುತ್ತದೆ, ಸುಮ್ಮನೆ ಕೂತಿತೋ, ಹಾಲು ಉಕ್ಕುವಷ್ಟರಲ್ಲಿ ಬರಿದು. ಹಿಂದೆ ಸರ್ಕಾರದವರು ಬಂದು ಕಂಬ ನೆಟ್ಟು ತಂತಿ ಎಳೆದು ನೋಡಿದರು. ಆಚೆ ದಂಡೆಯ ಕಂಬದಲ್ಲಿ ಇದ್ದ ಕರೆಂಟು ಈಚೆ ದಂಡೆಯ ಕಂಬದಲ್ಲಿ ಇರಲಿಲ್ಲ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದರು, ತಂತಿಯ ಮೇಲೆ ನಾವು ಸೀರೆ ಒಣಗಿಸುತ್ತೇವೆ. ದೀಪಕ್ಕಾದರೆ ತೊಟ್ಟಿಲು ಸಾಕು. ನಮ್ಮ ಮನೆಗಳಲ್ಲಿ ಕೂಸಿನ ತೊಟ್ಟಿಲ ಪಕ್ಕ ಬ್ಯಾಟರಿಯ ತೊಟ್ಟಿಲು ತೂಗಿರುತ್ತದೆ, ಒಂದು ಕೈ ಇದಕ್ಕೆ, ಒಂದು ಕೈ ಅದಕ್ಕೆ. ದೊಡ್ಡ ಸಾಮಾನಿಗೆ ತೂಗಿದರೆ ಸಾಲದು, ಯಾರಾದರೂ ಹೊತ್ತುಕೊಂಡು ನಡೆಯಬೇಕು. ಅದಕ್ಕೇ ನಮ್ಮ ಪಡಸಾಲೆಗಳ ನೆಲದಲ್ಲಿ ಗಾಣದ ಎತ್ತು ತಿರುಗಿದಂಥ ಸವೆದ ಸುತ್ತು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ನಾಲ್ಕು ಸುತ್ತು ನಡೆದು ತೋರಿಸವ್ವ ಎನ್ನುತ್ತಾರೆ. ಊರು ಬಿಟ್ಟು ಆಚೆ ದಂಡೆಗೆ ಹೋಗಬಾರದೇಕೆ ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. ನಮ್ಮ ಮನೆ ಇಲ್ಲಿದೆ ಎಂದರೆ ಅವರಿಗೆ ಅರ್ಥವಾಗುವುದಿಲ್ಲ.

ಶಾವಂತ್ರವ್ವನ ಗಂಡ ಗದಿಗೆಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹರಾಜು ಕೂಗುವವನಾಗಿದ್ದ. ಅವನ ಬಾಯಿಯೆಂದರೆ ಬಾಯಿ. ಘಾಟಿಗೆ ಊರೆಲ್ಲ ಕೆಮ್ಮುತ್ತ ಕಣ್ಣೊರೆಸಿಕೊಳ್ಳುವಾಗ ಅವನೊಬ್ಬ ಮೆಣಸಿನಕಾಯಿ ರಾಶಿಯ ಮೇಲೆ ನಿಂತು ಬೆಳಗಿಂದ ಮಧ್ಯಾಹ್ನದ ತನಕ ಕೂಗುತ್ತಿದ್ದ. ಕೊಳ್ಳುವವನನ್ನು ರೇಗಿಸುತ್ತಿದ್ದ, ಮಾರುವವನನ್ನು ಹೊಗಳುತ್ತಿದ್ದ, ನಡುವೆ ಹಾದುಹೋಗುವ ನಮ್ಮಂಥ ಹೆಂಗಸರನ್ನೂ ಬಿಡುತ್ತಿರಲಿಲ್ಲ. ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. ಅನ್ನ ಮೆತ್ತಗಾದರೂ ಮಾತು, ಬಿರುಸಾದರೂ ಮಾತು. ಬೈದರೂ ಬೈದಂತೆ ಕೇಳದ, ಕೇಳಿದವರೇ ನಕ್ಕುಬಿಡುವಂಥ ದನಿ ಅವನದು.

ಆ ಗಂಟಲಲ್ಲೇ ಗಂಟು ಬೆಳೆಯಿತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಗಂಟಿನ ಜೊತೆ ದನಿಯೂ ಹೋಯಿತು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಉಸಿರಾಟವೆಲ್ಲ ಅದರಿಂದಲೇ. ಮೇಲೊಂದು ತೆಳ್ಳನೆ ಬಿಳಿ ಬಟ್ಟೆ ಕಟ್ಟಿಕೊಂಡು ಊರಿಗೆ ಬಂದ ದಿನ ಅವನ ತುಟಿ ಅಲುಗುವುದನ್ನು ನೋಡಲಾರದೆ ನಾನು ಒಳಗೆ ಹೋಗಿ ಅತ್ತೆ. ಆಸ್ಪತ್ರೆಯ ಒಬ್ಬ ಪುಣ್ಯಾತ್ಮ ಹಳೆಯದೊಂದು ಡೆಸ್ಕ್‌ಟಾಪ್ ಕಂಪ್ಯೂಟರನ್ನು ಕೊಟ್ಟು ಕಳಿಸಿದ್ದ. ಕೀಲಿಮಣೆಯ ಮೇಲೆ ಬರೆದು ಒಂದು ಗುಂಡಿ ಒತ್ತಿದರೆ ಅದು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿತ್ತು. ಓದುವವಳು ಒಬ್ಬಳು ಹೆಂಗಸು. ಅವಳಿಗೆ ನಾವು ಡಬ್ಬಿಯಕ್ಕ ಎಂದು ಹೆಸರಿಟ್ಟೆವು. ಸ್ಲೇಟು ಬಳಪ ಸಾಲದಿತ್ತೇ ಎಂದರೆ, ಶಾವಂತ್ರವ್ವನಿಗೆ ಓದಲು ಬಾರದು. ಮಡಚುವಂಥ ಕಂಪ್ಯೂಟರು ಆಗದಿತ್ತೇ ಎಂದರೆ, ಅದರ ಬ್ಯಾಟರಿ ಅದರ ಹೊಟ್ಟೆಯಲ್ಲೇ ಇರುತ್ತದೆ. ಮುಂದಿಟ್ಟುಕೊಂಡು ಕೂತರೆ ಅದು ಸತ್ತಿತು, ಎತ್ತಿಕೊಂಡು ಓಡಾಡಿದರೆ ಬರೆಯುವ ಬಗೆಯಿಲ್ಲ. ಗದಿಗೆಪ್ಪ ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು, ಕಡಲೆ ಮಾರುವವರ ಹಾಗೆ ಕೊರಳಿಗೆ ಕೀಲಿಮಣೆ ನೇತುಹಾಕಿಕೊಂಡು ತಾನೇ ನಡೆದೂ ನೋಡಿದ. ಹತ್ತು ಹೆಜ್ಜೆಗೆ ಕುತ್ತಿಗೆಯ ತೂತು ಪೀಪಿ ಊದತೊಡಗಿತು, ಮುಖ ನೀಲಿಗಟ್ಟಿತು. ಭಾರ ಹೊತ್ತರೆ ಹೆಣವಾಗುತ್ತೀ ಎಂದು ವೈದ್ಯರು ಮೊದಲೇ ಹೇಳಿದ್ದರು.

ಹಾಗಾಗಿ ಶಾವಂತ್ರವ್ವ ನಡೆದಳು. ಪಡಸಾಲೆಯ ನಡುವೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಗದಿಗೆಪ್ಪ. ತೊಲೆಯ ಕೊಂಡಿಗೆ ತಿರುಗುವ ಬಳೆ ಹಾಕಿ ಅದರ ಮೂಲಕ ವೈರು ಇಳಿಬಿಟ್ಟಿದ್ದರು, ಕಾಲಿಗೆ ಸುತ್ತಿಕೊಳ್ಳಬಾರದೆಂದು. ಸೊಂಟದ ಮೇಲೆ ಬ್ಯಾಟರಿ ಇಟ್ಟುಕೊಂಡು ಅವಳು ಅವನ ಸುತ್ತ ಸುತ್ತುತ್ತಿದ್ದಳು. ಕಂಪ್ಯೂಟರು ಏಳುವಾಗ ಬ್ಯಾಟರಿ ಇದ್ದಕ್ಕಿದ್ದಂತೆ ಭಾರವಾಗುತ್ತದಂತೆ, ನಿದ್ದೆಗಣ್ಣಿನ ಕೂಸು ಕೊಸರಿದ ಹಾಗೆ. ಆಗ ಓಡಿದಂತೆ ನಡೆಯಬೇಕು. ಎದ್ದ ಮೇಲೆ ಸಾವಕಾಶ. ಪರದೆಯೇ ಅರ್ಧ ಕರೆಂಟು ತಿನ್ನುತ್ತದೆಂದು ತಿಳಿದ ಮೇಲೆ ಗದಿಗೆಪ್ಪ ಪರದೆ ಆರಿಸಿ ಕುರುಡಾಗಿ ಬರೆಯುವುದನ್ನು ಕಲಿತ. ಆಗ ಅವಳಿಗೆ ದಿನಕ್ಕೆ ಅಷ್ಟು ಸುತ್ತು ಉಳಿದವು. ಬರುಬರುತ್ತ ಬ್ಯಾಟರಿಯ ಬಿಸಿಯಿಂದಲೇ ಅವಳಿಗೆ ಅವನ ಬೆರಳು ಏನು ಮಾಡುತ್ತಿದೆಯೆಂದು ತಿಳಿಯತೊಡಗಿತು. "ಏನೋ ಉದ್ದಂದು ಬರಾಕತ್ತೈತಿ, ತಡೀ," ಎಂದು ನನಗೆ ಅನ್ನುತ್ತಿದ್ದಳು. ಅಷ್ಟರಲ್ಲಿ ಡಬ್ಬಿಯಕ್ಕ ಶುರು ಮಾಡುತ್ತಿದ್ದಳು.

ಊರಿನ ಹೆಂಗಸರಿಗೆಲ್ಲ ಶಾವಂತ್ರವ್ವನ ಮೇಲೆ ಒಂದೇ ಹೊಟ್ಟೆಯುರಿ. ನಮ್ಮ ಗಂಡಂದಿರ ಬಾಯಿ ಮುಚ್ಚಿಸಲು ನಾವು ಏನೆಲ್ಲ ಮಾಡಬೇಕು, ಇವಳು ಬ್ಯಾಟರಿ ಕೆಳಗಿಟ್ಟರೆ ಮುಗಿಯಿತು! ಜಗಳ ಏರಿದಾಗ ಅವಳು ಹಾಗೇ ಮಾಡುತ್ತಿದ್ದಳು. ಅವನು ಬೈಗುಳದ ನಡುವಿನಲ್ಲಿರುವಾಗ ಟಪ್ಪೆಂದು ನೆಲಕ್ಕಿಡುವಳು. ಅವನು ಮೂಕ ಸಿಟ್ಟಿನಲ್ಲಿ ಮೇಜು ಗುದ್ದುವನು. ಅವಳು ಒಳಗೆ ಹೋಗಿ ರೊಟ್ಟಿ ಬಡಿದು, ಆಮೇಲೆ ಗಿರಣಿಗೆ ಹೋಗಿ ಬ್ಯಾಟರಿ ತುಂಬಿಸಿಕೊಂಡು ಬಂದು ಮತ್ತೆ ಸೊಂಟಕ್ಕೆ ಎತ್ತಿಕೊಳ್ಳುವಳು. ಕಂಪ್ಯೂಟರು ಎದ್ದು, ಹೀಗೆ ಅರ್ಧಕ್ಕೆ ಆರಿಸಬಾರದಿತ್ತೆಂದು ತನ್ನ ದೂರು ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ತಾನು ಏನು ಬೈಯುತ್ತಿದ್ದೆನೆಂದು ಮರೆತಿರುತ್ತಿತ್ತು. ಇಬ್ಬರೂ ನಗುತ್ತಿದ್ದರು. ಅವಳ ನಗು ಕೇಳುತ್ತಿತ್ತು, ಅವನ ನಗು ಹೆಗಲಲ್ಲಿ ಕಾಣುತ್ತಿತ್ತು.

ಆದರೆ ನಡೆಯುವುದು ನಡೆಯುವುದೇ. ಬೆಳಗ್ಗೆ ಅವನಿಗೆ ಹೇಳುವುದಿರುತ್ತಿತ್ತು, ಮಧ್ಯಾಹ್ನ ಇರುತ್ತಿತ್ತು, ಸಂಜೆ ಪೇಟೆಯವರು ಹರಟಲು ಬಂದರೆ ಮುಗಿದೇ ಹೋಯಿತು. ಅವರು ಕೂತು ಚಹಾ ಕುಡಿಯುತ್ತಿದ್ದರು, ಇವಳು ಸುತ್ತುತ್ತಿದ್ದಳು. ಅವಳ ಪಾದದ ಹಿಮ್ಮಡಿ ಒಡೆದು ಹೊಲದ ಹಾಗಾಗಿತ್ತು. ಕೂತಾಗಲೂ ಅವಳ ಕಾಲು ಸುಮ್ಮನಿರುತ್ತಿರಲಿಲ್ಲ.

ಆಚೆ ದಂಡೆಯ ದೂರದ ಊರಿನಲ್ಲಿರುವ ಅವಳ ಅಕ್ಕ ಬಾಳವ್ವ ಒಮ್ಮೆ ಬಂದವಳು ಇದನ್ನು ನೋಡಿ, "ಒಂದ್ ತಿಂಗಳು ನಮ್ಮನಿಗೆ ಬಾ. ಬಂದು ಬರೇ ಕುಂದ್ರು. ಬ್ಯಾರೆ ಏನೂ ಮಾಡಬ್ಯಾಡ," ಎಂದು ಹೇಳಿಹೋದಳು. ಶಾವಂತ್ರವ್ವನ ತಲೆಯಲ್ಲಿ ಆ ಮಾತು ಹೊಕ್ಕಿತು. ಬಾವಿಯ ಹತ್ತಿರ ಅದೇ, ಗಿರಣಿಯ ದಾರಿಯಲ್ಲಿ ಅದೇ. "ಒಂದ್ ತಿಂಗಳು ಕುಂತು ಬರ್ತೀನಿ ತಿರಕವ್ವಾ." ಗಂಡನಿಗೆ ಹೇಳಲು ಮಾತ್ರ ದಿನ ದೂಡುತ್ತಿದ್ದಳು.

ಅವಳು ಕೊನೆಗೆ ಕೇಳಿದ ಮಧ್ಯಾಹ್ನ ನಾನು ಅವರ ಪಡಸಾಲೆಯಲ್ಲೇ ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದೆ. ಅವಳು ನಡೆಯುತ್ತಲೇ ಕೇಳಿದಳು. ಅವನ ಬೆನ್ನ ಹಿಂದೆ ಬಂದಾಗ ಕೇಳಿದಳು, ಮುಖದ ಕಡೆ ಬರುವಷ್ಟರಲ್ಲಿ ಅವನು ಬರೆಯತೊಡಗಿದ್ದ.

"ನನ್ನ ಮಾತು?" ಎಂದಳು ಡಬ್ಬಿಯಕ್ಕ.

"ಓಣಿಯವ್ರು ನಡೀತಾರ. ಒಬ್ಬೊಬ್ರು ಒಂದೊಂದಿನ. ಎಲ್ಲಾರ್ನೂ ಕೇಳೀನಿ," ಎಂದಳು ಇವಳು.

"ಓಣಿಯವರ ಮುಂದ ನಾ ಏನ್ ಮಾತಾಡ್ಲಿ."

"ಏನ್ ಮಾತಾಡ್ತಿ ಅದನ್ನ ಮಾತಾಡು. ಗುಟ್ಟು ಏನೈತಿ ನಿನಗ? ಒಂದು ತಿಂಗಳೋ. ನನಗೂ ಕುಂದ್ರಬೇಕು ಅನಸ್ತೈತೋ."

ಅವನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ. ಆಮೇಲೆ ಎರಡು ಬೆರಳಲ್ಲಿ ಟಕಟಕ ಬಡಿದ. ಡಬ್ಬಿಯಕ್ಕ ರೇಡಿಯೋದಲ್ಲಿ ವಾರ್ತೆ ಓದುವವಳ ಹಾಗೆ, ಒಂದು ಏರಿಲ್ಲ ಒಂದು ಇಳಿವಿಲ್ಲ, ಓದಿದಳು:

"ನಡೆಯೂದಕ್ಕಲ್ದ ನೀ ಮತ್ತ್ಯಾತಕ್ಕ ಅದೀ?"

ನಾನು ಮೊರ ಆಡಿಸುವುದನ್ನು ನಿಲ್ಲಿಸಿದೆ. ಶಾವಂತ್ರವ್ವ ನಿಲ್ಲಲಿಲ್ಲ. ಒಂದು ಸುತ್ತು ಪೂರ್ತಿ ನಡೆದಳು. ಅವಳು ಬ್ಯಾಟರಿ ಕೆಳಗಿಡುತ್ತಾಳೆ, ಒಳಗೆ ಹೋಗಿ ರೊಟ್ಟಿ ಬಡಿಯುತ್ತಾಳೆ ಎಂದುಕೊಂಡೆ. ಎರಡನೆಯ ಸುತ್ತಿನಲ್ಲಿ ಬಾಗಿಲ ಎದುರು ಬಂದವಳು ಮೇಜಿನ ಕಡೆ ತಿರುಗಲೇ ಇಲ್ಲ. ನೆಟ್ಟಗೆ ನಡೆದಳು. ಹೊಸ್ತಿಲು ದಾಟಿದಳು. ವೈರು ಬಿಗಿಯಿತು, ತೊಲೆಯ ಬಳೆ ಕಿರುಗುಟ್ಟಿತು, ವೈರು ಬ್ಯಾಟರಿಯಿಂದ ಕಳಚಿಬಿತ್ತು, ಮತ್ತೇನೋ ಹೇಳಲು ಹೊರಟಿದ್ದ ಡಬ್ಬಿಯಕ್ಕ ಅರ್ಧ ಅಕ್ಷರಕ್ಕೇ ಸತ್ತಳು. ಗದಿಗೆಪ್ಪ ಎದ್ದು ನಿಂತು ಬಾಯಿ ಬಿಟ್ಟ. ಪೇಟೆಗೆ ಪೇಟೆಯನ್ನೇ ನಿಲ್ಲಿಸುತ್ತಿದ್ದ ಬಾಯಿ. ಅದರಿಂದ ಏನೂ ಬರಲಿಲ್ಲ.

ಬಸ್ಸಿನಲ್ಲಿ ಅವಳು ಬ್ಯಾಟರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಬಸ್ಸು ನಿಂತಾಗಲೆಲ್ಲ ಮೊಣಕಾಲ ಮೇಲೆ ಬ್ಯಾಟರಿಯನ್ನು ತೂಗುತ್ತಿದ್ದಳು, ಹೊರಟಾಗ ಬಿಡುತ್ತಿದ್ದಳು. ಸೇತುವೆ ದಾಟಿತು. "ದಾಟಿತಲ್ಲವಾ, ಇನ್ನ ತೂಗೂದು ಬ್ಯಾಡ," ಎಂದೆ. "ಹೂಂ," ಎಂದಳು, ಮುಂದಿನ ನಿಲ್ದಾಣದಲ್ಲಿ ಮತ್ತೆ ತೂಗಿದಳು. ಸೆರಗಿನಲ್ಲಿ ಸುತ್ತಿದ್ದನ್ನು ಕಂಡು ಆಚೆ ದಂಡೆಯ ಒಬ್ಬ ಹೆಂಗಸು "ಎಷ್ಟ್ ತಿಂಗಳಿಂದು ಕೂಸು?" ಎಂದು ಮುದ್ದಿನಿಂದ ಸೆರಗು ಸರಿಸಿ ನೋಡಿದಳು. ನೋಡಿ, ನನ್ನ ಮೊರವನ್ನೂ ನೋಡಿ, ಎದ್ದು ಬೇರೆ ಸೀಟಿಗೆ ಹೋದಳು. ಬೇರೆ ದಿನವಾಗಿದ್ದರೆ ನಾವಿಬ್ಬರೂ ಊರು ಬರುವ ತನಕ ನಗುತ್ತಿದ್ದೆವು.

ಬಾಳವ್ವನ ಮನೆಯಲ್ಲಿ ಗೋಡೆಯ ತೂತಿನಿಂದ ಕರೆಂಟು ಬರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತನ್ನ ಪಾಡಿಗೆ ತಿರುಗುತ್ತಿರುತ್ತದೆ. ನನಗೆ ಅದನ್ನು ನೋಡಿದರೆ ಹೆದರಿಕೆ. ಶಾವಂತ್ರವ್ವ ಮಾತ್ರ ಯಾವುದನ್ನೂ ನೋಡಲಿಲ್ಲ. ಕೈಕಾಲು ತೊಳೆದಳು, ಊಟ ಮಾಡಿದಳು, ಊಟ ಮಾಡುವಾಗ ಬ್ಯಾಟರಿಯನ್ನು ನನ್ನ ಸೊಂಟಕ್ಕೆ ಕೊಟ್ಟಳು. ಎದ್ದ ಮೇಲೆ ತಾನು ತೆಗೆದುಕೊಂಡು ಪಡಸಾಲೆಯಲ್ಲಿ ಸುತ್ತತೊಡಗಿದಳು. ಕುರ್ಚಿಗಳನ್ನು ಬಳಸಿ, ಟೀಪಾಯಿ ಬಳಸಿ, ಪತ್ರಿಕೆ ಓದುತ್ತಿದ್ದ ಭಾವನನ್ನು, ಅಂದರೆ ಬಾಳವ್ವನ ಗಂಡನನ್ನು ಬಳಸಿ. ಆ ಮನುಷ್ಯ ತಲೆ ತಿರುಗಿ ಹೊರಗೆ ಹೋಗಿ ಕೂತ.

"ಇಡ ಅದನ್ನ," ಎಂದಳು ಬಾಳವ್ವ.

"ಇಟ್ರ ಹೋಗ್ತೈತಿ."

"ಇಲ್ಲಿ ಹೋಗೂದಿಲ್ಲ."

"ಗೊತ್ತೈತಿ," ಎಂದಳು ಶಾವಂತ್ರವ್ವ. ನಿಲ್ಲಲಿಲ್ಲ.

ಹೀಗೆ ಮರುದಿನವೂ. ಕೂಡಲು ಬಂದವಳು ಅಲ್ಲಿಗಿಂತ ಇಲ್ಲೇ ಹೆಚ್ಚು ನಡೆದಳು. ನಾನು ಹೊತ್ತರೂ ಅವಳಿಗೆ ಸಮಾಧಾನವಿಲ್ಲ, ನನ್ನ ಹೆಜ್ಜೆ ನಿಧಾನ ಎನ್ನುತ್ತಿದ್ದಳು. ನನಗೂ ಸಿಟ್ಟು ಬಂತು. ನನ್ನ ಮನೆ, ಒಲೆ, ಗಂಡ ಎಲ್ಲ ಬಿಟ್ಟು ಮೊರ ಹಿಡಿದು ಬಂದವಳು ನಾನು. "ಹೊತಗೊಂಡ ಸಾಯಿ ಹಂಗಾದ್ರ," ಎಂದು ಒಂದು ಮಧ್ಯಾಹ್ನ ಕೂಗಾಡಿದೆ. "ಅವನ ಮಾತು ಬ್ಯಾಡಂತ ಬಂದಿ, ಅವನ ಮಾತ ಹೊತಗೊಂಡ ತಿರಗಾಕತ್ತಿ!"

ಅವಳು ನಿಂತಳು. ಮಂಚದ ಅಂಚಿಗೆ ಬಂದಳು. ಕೆಂಡ ಇಡುವ ಹಾಗೆ ಬ್ಯಾಟರಿಯನ್ನು ಮಂಚದ ಮೇಲಿಟ್ಟು, ಕೈಯನ್ನು ಪೂರ್ತಿ ತೆಗೆಯದೆ, ಅದರ ಹಸಿರು ದೀಪ ನೋಡುತ್ತ ಕೂತಳು. ನಾನೂ ಕೂತೆ. ದೀಪ ಹಸಿರಾಗಿಯೇ ಇತ್ತು. ಹೊರಗೆ ತರಕಾರಿಯವಳು ಬಂದು ಕೂಗಿ ಹೋದಳು, ಬಾಳವ್ವ ಚಹಾ ಮಾಡಿ ತಂದಳು, ಚಹಾ ಆರಿತು, ದೀಪ ಹಸಿರಾಗಿಯೇ ಇತ್ತು. ಶಾವಂತ್ರವ್ವ ಕೈ ತೆಗೆದಳು. ಆಮೇಲೆ ಅಳತೊಡಗಿದಳು. ಅವಳು ಹಾಗೆ ಅತ್ತದ್ದನ್ನು ನಾನು ಅವಳ ಗಂಡನ ಗಂಟಲು ಕೊಯ್ದಾಗಲೂ ನೋಡಿರಲಿಲ್ಲ.

"ಇಷ್ಟ ಸರಳ ಇತ್ತೇನ?" ಎಂದಳು. "ಇಡೂದು ಇಷ್ಟ ಸರಳ ಇತ್ತೇನ ತಿರಕವ್ವಾ?"

ಮುಂದಿನ ದಿನಗಳಲ್ಲಿ ಅವಳು ಕೂತಳು. ಕೂಡುವುದೂ ಅವಳಿಗೆ ಬರುತ್ತಿರಲಿಲ್ಲ. ಈ ಕುರ್ಚಿಯಿಂದ ಆ ಕುರ್ಚಿಗೆ, ಅಲ್ಲಿಂದ ಜಗುಲಿಗೆ, ಜಗುಲಿಯಿಂದ ಹಿತ್ತಿಲ ಕಲ್ಲಿಗೆ. ಕಾಲು ಒಂದೆಡೆ ನಿಂತ ಮೇಲೆ ಮನಸ್ಸು ಮಾತ್ರ ಓಡತೊಡಗಿತು. ಅದು ಒಂದೇ ಕಡೆ ಓಡುತ್ತಿತ್ತು. "ಚಾಷ್ಟಿ ಮಾಡಿರಬೇಕಲ್ಲಾ, ನಗಸಾಕ ಅಂದಿರಬೇಕಲ್ಲಾ?" ಎಂದು ಕೇಳುತ್ತಿದ್ದಳು. "ಅಂವ ಮೊದಲಿಂದೂ ಹಂಗ ಅಲ್ಲಾ? ನಿನಗ ನೆನಪಿಲ್ಲೇನ, ಮದಿವಿ ಆದ ಹೊಸದಾಗಿ ಪೇಟ್ಯಾಗ ಎಲ್ಲಾರ ಮುಂದ ನನ್ನ ಹರಾಜಿಗೆ ಇಟ್ಟಿದ್ದ. ಯಾರೂ ಒಯ್ಯವಲ್ರು, ನಾನs ಇಟಗೋತೀನಿ ಅಂದಿದ್ದ. ನಾ ಎಷ್ಟು ನಕ್ಕಿದ್ದೆ."

"ಚಾಷ್ಟೀನೇ ಇರ್ತೈತಿ," ಎಂದೆ.

"ದನಿ ಇದ್ರ ಗೊತ್ತಾಗ್ತಿತ್ತು. ಆ ಡಬ್ಬಿಗೆ ಚಾಷ್ಟೀನೂ ಒಂದs, ಬೈಗಳಾನೂ ಒಂದs." ಮತ್ತೆ ಅಂದಳು, "ಚಾಷ್ಟಿ ಅಂದ್ರ ನಾಳೇನ ಹೋಗ್ತೀನಿ, ಸಾಯೂತನಕ ನಡೀತೀನಿ. ಖರೇನ ಅಂದಿದ್ರ ಅವನ ಸಲುವಾಗಿ ಇನ್ನ ಒಂದ್ ಹೆಜ್ಜಿ ಇಡೂದಿಲ್ಲ."

ಶಾವಂತ್ರವ್ವ ಹೇಳಿದರೆ ಮಾಡುವವಳು. ಅವಳು ನಡೆಯದಿದ್ದರೆ ಗದಿಗೆಪ್ಪನ ಗತಿ ಏನು?

ಗದಿಗೆಪ್ಪ ಬಂದ. ಸಂಜೆಯ ಬಸ್ಸಿಗೆ, ಗೋಣಿಚೀಲದಲ್ಲಿ ಕಂಪ್ಯೂಟರು ತುಂಬಿಕೊಂಡು. ಚೀಲವನ್ನು ಕಂಡಕ್ಟರು ಮನೆಯ ತನಕ ಹೊತ್ತು ತಂದುಕೊಟ್ಟು ಹೋದ. ಆದರೂ ಇವನ ಕುತ್ತಿಗೆಯ ಬಟ್ಟೆ ಒಳಗೆ ಹೊರಗೆ ಹೊಡೆದುಕೊಳ್ಳುತ್ತಿತ್ತು. ಹೊಸ್ತಿಲ ಮೇಲೆ ಕೂತು ಉಸಿರು ತಿರುಗಿಸಿಕೊಂಡ. ಶಾವಂತ್ರವ್ವ ನೀರು ತಂದು ಪಕ್ಕದಲ್ಲಿಟ್ಟಳು. ಕೈಗೆ ಕೊಡಲಿಲ್ಲ. ಅವನು ಅವಳನ್ನು ನೋಡಿ ತುಟಿ ಅಲುಗಿಸಿದ, ಅವಳು ಮುಖ ತಿರುಗಿಸಿದಳು.

ಭಾವ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಗೋಡೆಯ ತೂತಿಗೆ ಸಿಕ್ಕಿಸಿದ. ಕಂಪ್ಯೂಟರು ಎದ್ದಿತು. ಯಾರೂ ನಡೆಯುತ್ತಿರಲಿಲ್ಲ. ಯಾರ ಸೊಂಟವೂ ಬಿಸಿಯಾಗಲಿಲ್ಲ. ಗದಿಗೆಪ್ಪ ಆ ತೂತನ್ನು, ಅದಕ್ಕೆ ಸಿಕ್ಕಿಸಿದ ವೈರನ್ನು ಬಹಳ ಹೊತ್ತು ನೋಡಿದ. ಇಲ್ಲಿ ಅವನು ಎಷ್ಟು ಬೇಕಾದರೂ ಮಾತಾಡಬಹುದಿತ್ತು, ಬೆಳಗಿನ ತನಕ ಮಾತಾಡಬಹುದಿತ್ತು. ಅವನು ಕುರ್ಚಿಯನ್ನು ಮೇಜಿಗೆ ಬೆನ್ನು ಮಾಡಿ ತಿರುಗಿಸಿ, ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಗೆ ಎದುರಾಗಿ ಕೂತ. ಡಬ್ಬಿ ಬಂದಾಗಿನಿಂದ ಅವನು ಮಾತಾಡುವಾಗ ಅವಳು ಅವನ ಮುಖವನ್ನು ಹೀಗೆ ಒಂದೇ ಸಮನೆ ನೋಡಿದ್ದಿಲ್ಲ. ಕಿವಿ, ಕೆನ್ನೆ, ಬೆನ್ನು, ಮತ್ತೆ ಕಿವಿ, ಅಷ್ಟೇ.

"ಒಂದs ಮಾತು ಕೇಳ್ತೀನಿ," ಎಂದಳು ಶಾವಂತ್ರವ್ವ. "ಅವತ್ತ ಅಂದದ್ದು ಚಾಷ್ಟಿಗೋ ಖರೇನೋ?"

ಅವನ ಬೆರಳು ಕೀಲಿಗಳ ಮೇಲೆ ನಿಂತಿತು. ನಾನು ಅವಳ ಬೆನ್ನ ಹಿಂದೆ ನಿಂತು ಅವನಿಗೆ ಕೈ ಬಾಯಿ ಎಲ್ಲ ಆಡಿಸಿ ಸನ್ನೆ ಮಾಡಿದೆ. ಚಾಷ್ಟಿ ಅನ್ನೋ ಮಾರಾಯ, ಚಾಷ್ಟಿ ಅಂದುಬಿಡು, ಅಷ್ಟರ ಮೇಲೆ ನಿಂತಿದೆ ಎಲ್ಲ! ಅವನಿಗೆ ನನ್ನ ಸನ್ನೆ ಅರ್ಥವಾಯಿತು. ನನ್ನ ಕಡೆ ನೋಡಿ ಇಲ್ಲವೆಂಬಂತೆ ಸಣ್ಣಗೆ ತಲೆ ಅಲುಗಿಸಿದ. ಬರೆದ. ಗುಂಡಿ ಒತ್ತಿದ.

"ಚಾಷ್ಟಿ ಅಲ್ಲ," ಎಂದಳು ಡಬ್ಬಿಯಕ್ಕ. "ಖರೇನ ಅಂದೆ. ಈ ಡಬ್ಬ್ಯಾಗಿನ ಹೆಣ್ಮಗಳದು ತಪ್ಪಿಲ್ಲ. ನಾ ಹೆಂಗ ಅಂದ್ನೋ ಹಂಗ ಹೇಳ್ಯಾಳ."

ಬಾಳವ್ವ ನನ್ನ ತೋಳು ಹಿಡಿದುಕೊಂಡಳು. ಶಾವಂತ್ರವ್ವ ಅಲ್ಲಾಡಲಿಲ್ಲ. ಅವನು ಮತ್ತೆ ಬರೆಯುತ್ತಿದ್ದ, ನಿಧಾನವಾಗಿ, ಒಂದೊಂದು ಕೀಲಿಯನ್ನೂ ಹುಡುಕಿದಂತೆ.

"ಮಾತು ನಿಂತುಹೋಗ್ತೈತಿ ಅಂತ ಅಂಜಿ ಅಂದೆ. ಅಂಜಿ ಅಂದ್ರೂ ಅಂದದ್ದು ಅಂದದ್ದs. ನೀ ಹೋದ ಮ್ಯಾಲ ಓಣಿಯವ್ರು ಬಂದ್ರು. ತಮ್ಮ ಬ್ಯಾಟರಿ ತಂದ್ರು, ನಡದ್ರು. ನಾ ಕುಂತೆ. ಮಾತಾಡಪಾ ಗದಿಗೆಪ್ಪ ಅಂದ್ರು. ನನಗ ಏನೂ ಬರಲಿಲ್ಲ. ಎಲ್ಲಾರ್ನೂ ಮನಿಗೆ ಕಳಿಸಿದೆ."

ಅವನು ಅಲ್ಲಿಗೆ ನಿಲ್ಲಿಸಿದ. ಶಾವಂತ್ರವ್ವ ಹೇಳಿದಳು, "ಮೊದಲಿಂದು ಇನ್ನೊಮ್ಮೆ ಹೇಳಿಸು."

ಅವನು ಒತ್ತಿದ. ಚಾಷ್ಟಿ ಅಲ್ಲ, ಖರೇನ ಅಂದೆ. ಅದೇ ಏರಿಳಿವಿಲ್ಲದ ದನಿ. ಅವಳು ಈ ಸಲ ಡಬ್ಬಿಯ ಕಡೆ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು. ಅವನೂ ಕಣ್ಣು ತೆಗೆಯಲಿಲ್ಲ. ಅವನ ಗಲ್ಲದ ಮೇಲೆ ನೀರು ಇಳಿದು ಕುತ್ತಿಗೆಯ ಬಟ್ಟೆ ನೆನೆಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕವೂ ಬಂತು, ಎರಡರಲ್ಲಿ ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ.

"ಒಂದ್ ತಿಂಗಳು ಕೇಳಿದ್ದೆ," ಎಂದಳು ಅವಳು. "ಈಗ ತಿಂಗಳಲ್ಲ. ನನಗ ಸಾಕು ಅನಸೂತನಕ ಕುಂದ್ರತೀನಿ. ಆಮ್ಯಾಲ ಬರೂದೋ ಬಿಡೂದೋ, ಅದನ್ನೂ ಕುಂತs ವಿಚಾರ ಮಾಡ್ತೀನಿ."

ಗದಿಗೆಪ್ಪ ತಲೆಯಾಡಿಸಿದ. ಹರಾಜಿನಲ್ಲಿ ಕೊನೆಯ ಕೂಗಿಗೂ ಇನ್ನೊಂದು ಕೂಗು ಹಾಕುತ್ತಿದ್ದ ಮನುಷ್ಯ ಬರೇ ತಲೆಯಾಡಿಸಿದ. ಎದ್ದು ತಾನೇ ಹೋಗಿ ಗೋಡೆಯಿಂದ ವೈರು ಕಿತ್ತ. ಮರುದಿನ ಬೆಳಗ್ಗೆ ಕಂಪ್ಯೂಟರನ್ನು ಮತ್ತೆ ಗೋಣಿಗೆ ತುಂಬಲು ಭಾವ ಹೋದರೆ ಬೇಡವೆಂದು ಕೈ ಮಾಡಿದ. ಅದು ಅಲ್ಲೇ ಉಳಿಯಿತು. ನಾನೂ ಅವನ ಜೊತೆ ಹೊರಟೆ, ಮೊರ ಕಂಕುಳಲ್ಲಿ ಇಟ್ಟುಕೊಂಡು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವನಿಗೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಎದುರಾಡದವನನ್ನು ಬೈಯುವುದು ಎಂಥ ಬೇಸರದ ಕೆಲಸವೆಂದು ಸೇತುವೆ ಬರುವಷ್ಟರಲ್ಲಿ ಗೊತ್ತಾಯಿತು, ಸುಮ್ಮನಾದೆ.

ಊರಿಗೆ ಬಂದ ಗದಿಗೆಪ್ಪ ಮಾತಿಗೆ ಬೇರೆ ಏರ್ಪಾಟು ಮಾಡಿಕೊಳ್ಳಲಿಲ್ಲ. ಪೇಟೆಯ ಗೆಳೆಯರು ಆಸ್ಪತ್ರೆಯಿಂದ ಇನ್ನೊಂದು ಡಬ್ಬಿ ತರಿಸೋಣ ಎಂದರು, ಬೇಡವೆಂದು ಕೈಯಾಡಿಸಿದ. ಹರಟಲು ಬರುವವರು ಬರುವುದನ್ನು ಬಿಟ್ಟರು. ಕೆಲವು ದಿನ ಮನೆಯೊಳಗೆ ಅವನು ಅತ್ತಿಂದಿತ್ತ ಓಡಾಡುವ ಸದ್ದು ಕೇಳುತ್ತಿತ್ತು, ಬೋನಿಗೆ ಬಿದ್ದ ಪ್ರಾಣಿಯ ಹಾಗೆ. ಆಮೇಲೆ ಒಂದು ದಿನ ನೋಡಿದರೆ ಟೇಲರ್ ಹುಸೇನಸಾಬನ ಅಂಗಡಿಯಲ್ಲಿ ನಡೆಯುತ್ತಿದ್ದಾನೆ! ಹುಸೇನಸಾಬನದು ಹಗಲಲ್ಲೂ ಕತ್ತಲಿರುವ ಅಂಗಡಿ, ಹೊಲಿಗೆ ಯಂತ್ರದ ಮೇಲೊಂದು ದೀಪ, ದೀಪಕ್ಕೆ ಅಂಗೈಯಗಲದ ಹಗುರ ಬ್ಯಾಟರಿ. ಅದನ್ನು ತೂಗುತ್ತಿದ್ದ ಅವನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಗದಿಗೆಪ್ಪ ತಾನಾಗಿಯೇ ಹೋಗಿ ಎತ್ತಿಕೊಂಡನಂತೆ. ತೊಟ್ಟಿಲಿದ್ದರೂ ತೂಗಲಿಲ್ಲ, ನಡೆದ. "ಬ್ಯಾಡೋ ಮಾರಾಯಾ, ಸತ್ತಗಿತ್ತೀ," ಎಂದು ಸಾಬ ಗೋಗರೆದರೂ ಬಿಡಲಿಲ್ಲ. ಪೇಟೆಯವರು ಬಂದು ಬಾಗಿಲಲ್ಲಿ ನಿಂತು ನಕ್ಕರು. ಅವನ ಉಸಿರು ಸಿಳ್ಳೆ ಹಾಕುವುದನ್ನು ಕೇಳಿ ಸುಮ್ಮನೆ ಹೋದರು. ಹೋದವರಲ್ಲಿ ಒಬ್ಬಿಬ್ಬರು ಮನೆಗೆ ಹೋಗಿ ಹೆಂಡತಿಯ ಸೊಂಟದಿಂದ ಬ್ಯಾಟರಿ ತೆಗೆದುಕೊಂಡರೆಂದು ಸುದ್ದಿ. ನನ್ನ ಗಂಡ ಆ ಒಬ್ಬಿಬ್ಬರಲ್ಲಿ ಇರಲಿಲ್ಲ.

ಮೆಣಸಿನಕಾಯಿ ಸುಗ್ಗಿ ಮುಗಿದು ಪೇಟೆಯ ಘಾಟು ಇಳಿದ ಮೇಲೆ ಶಾವಂತ್ರವ್ವ ಬಂದಳು. ನಾನು ಬಸ್‌ ನಿಲ್ದಾಣದ ಬಾವಿಯ ಹತ್ತಿರ ಇದ್ದೆ. ತುಸು ಮೈ ತುಂಬಿಕೊಂಡಿದ್ದಳು. ಕಂಡಕ್ಟರು ಗೋಣಿಚೀಲ ಇಳಿಸಿಕೊಟ್ಟ. ಅವಳು ಕೈಯಲ್ಲಿದ್ದ ಬ್ಯಾಟರಿಯನ್ನು ಚೀಲದ ಪಕ್ಕ ನೆಲಕ್ಕಿಟ್ಟು ಸೆರಗು ಸರಿಮಾಡಿಕೊಂಡಳು, ನನ್ನ ಜೊತೆ ಅದೂ ಇದೂ ಮಾತಾಡಿದಳು. ನನ್ನ ಕಣ್ಣು ಬ್ಯಾಟರಿಯ ಮೇಲೆಯೇ. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು, ಆಮೇಲೆ ಏನೂ ಇರಲಿಲ್ಲ. ಅವಳು ಎತ್ತಿಕೊಳ್ಳಲಿಲ್ಲ.

"ಎಲ್ಲದಾನ?" ಎಂದಳು. ನಾನು ಟೇಲರನ ಅಂಗಡಿ ತೋರಿಸಿದೆ.

ಹುಸೇನಸಾಬ ಯಾರದೋ ಮದುವೆಯ ಕುಪ್ಪಸಕ್ಕೆ ಅಂಚು ಹೊಲಿಯುತ್ತಿದ್ದ, ಸೂಜಿ ನಡುವೆ ನಿಲ್ಲುವಂತಿರಲಿಲ್ಲ. ಗದಿಗೆಪ್ಪ ಅವನ ಸುತ್ತ ನಡೆಯುತ್ತಿದ್ದ, ಎರಡೂ ಕೈಯಲ್ಲಿ ಆ ಸಣ್ಣ ಬ್ಯಾಟರಿಯನ್ನು ಎದೆಗೆ ಒತ್ತಿಕೊಂಡು. ನಡಿಗೆ ಕುಂಟುತ್ತಿತ್ತು. ಬಾಗಿಲ ಕಡೆ ತಿರುಗಿದಾಗ ಅವಳನ್ನು ಕಂಡ. ಕಾಲು ತಡವರಿಸಿತು, ದೀಪ ಮಂಕಾಯಿತು, "ಏ ನಡಿಯೋ!" ಎಂದ ಹುಸೇನಸಾಬ. ಗದಿಗೆಪ್ಪ ನಡೆದ. ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಕೈ ಮಾಡಿ ಕರೆಯುವ ಹಾಗೂ ಇಲ್ಲ. ಶಾವಂತ್ರವ್ವ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಅವಳ ಕಡೆ ಬಂದಾಗಲೆಲ್ಲ ಅವನ ಕಣ್ಣು ಅವಳ ಮೇಲೆ, ತಿರುಗಿದ ಮೇಲೆ ಅವಳಿಗೆ ಅವನ ಬೆನ್ನು. ಹೀಗೆ ಕೆಲವು ಸುತ್ತು ನೋಡಿದಳು.

ಅವನು ಮತ್ತೆ ಹತ್ತಿರ ಬಂದಾಗ ಕೇಳಿದಳು, "ಕಾಲು ನೋಯ್ತಾವೇನು?"

ಅವನು ಆಗಲೇ ತಿರುಗಿಬಿಟ್ಟಿದ್ದ. ಉತ್ತರ ಹೇಳಲು ಪೂರ್ತಿ ಸುತ್ತು ಬರಬೇಕಿತ್ತು. ಅಷ್ಟು ವರ್ಷ ಅವಳು ಅವನ ಸುತ್ತ ಸವೆದರೂ ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಹುಸೇನಸಾಬನ ಯಂತ್ರದ ಆಚೆಗೆ ಹೋಗಿ, ಬಟ್ಟೆಯ ರಾಶಿ ಬಳಸಿ, ಸಿಳ್ಳೆ ಹಾಕುವ ಉಸಿರಿನಲ್ಲಿ ಅವನು ಬಂದ. ಅವಳ ಎದುರು ಬಂದು, ನಡೆಯುತ್ತಲೇ, ಹೌದೆಂದು ತಲೆಯಾಡಿಸಿದ.

"ಹೂಂ," ಎಂದಳು ಶಾವಂತ್ರವ್ವ. "ನೋಯ್ತಾವ."

ಅವಳು ಏಳಲಿಲ್ಲ. ಕುಪ್ಪಸ ಹೊಲಿದು ಮುಗಿಯುವ ತನಕ ಅಲ್ಲೇ ಕೂತಿದ್ದಳು.